ಬಿಲ್ಲು ಸೊನ್ನೆ ಬರುತ್ತಿದ್ದ ಮನೆ

ಖಾನಾಪುರದ ಆ ಮನೆಯಲ್ಲಿ ನಾವು ಗಂಡ ಹೆಂಡತಿ ಹನ್ನೊಂದು ತಿಂಗಳು ಇದ್ದೆವು. ಅದು ಸ್ವಂತ ಮನೆಯಲ್ಲ, ಬಾಡಿಗೆ ಮನೆಯೂ ಅಲ್ಲ. ಚಿಕ್ಕಂದಿನಲ್ಲಿ ಬೀಡಿ ಎಂಬ ಊರಿನ ಶಾಲೆಯಲ್ಲಿ ನನಗೆ ಮೂರು ವರ್ಷ ಪಾಠ ಹೇಳಿದ ಅಕ್ಕೋರ ಮನೆ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುತ್ತೇವೆ. ಅವರು ಮದುವೆಯಾಗಿರಲಿಲ್ಲ. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಖಾನಾಪುರದಲ್ಲಿ ಎರಡು ಕೋಣೆಯ ಸ್ಲ್ಯಾಬಿನ ಮನೆ ಕಟ್ಟಿಸಿಕೊಂಡು ಒಬ್ಬರೇ ಇದ್ದರು. ಪುಣೆಯಲ್ಲಿದ್ದ ಅವರ ಅಕ್ಕನಿಗೆ ಲಕ್ವಾ ಹೊಡೆದು ಒಂದು ಬದಿ ಪೂರ್ತಿ ಬಿದ್ದುಹೋದಾಗ, ಆರೈಕೆಗೆ ಇವರೇ ಹೋಗಬೇಕಾಯಿತು. ಮನೆ ಕಾಯಲು ನಾವು ಬಂದೆವು.

ಬರುವುದಕ್ಕೆ ನಮಗೂ ಒಂದು ಕಾರಣವಿತ್ತು. ನನ್ನ ಗಂಡ ವಡಗಾವಿಯಲ್ಲಿ ಮೂವತ್ತು ವರ್ಷ ಪವರ್‌ಲೂಮಿನ ಮೇಲೆ ಸೀರೆ ನೇಯ್ದವರು. ಮಗ್ಗಗಳ ಸದ್ದಿನಲ್ಲಿ ನಮ್ಮಂಥವರಿಗೆ ಪಕ್ಕದವರ ಮಾತೂ ಕೇಳುವುದಿಲ್ಲ, ಅವರಿಗೆ ಮಾತ್ರ ಎಷ್ಟನೆಯ ಮಗ್ಗದಲ್ಲಿ ಎಳೆ ಹರಿಯಿತು ಎಂಬುದು ಕೂತಲ್ಲಿಂದಲೇ ತಿಳಿಯುತ್ತಿತ್ತು. ಆ ಮೂವತ್ತು ವರ್ಷದಲ್ಲಿ ನೂಲಿನ ಧೂಳು ಎದೆಯೊಳಗೆ ಇಳಿದಿತ್ತು. ಕೆಲಸ ಬಿಟ್ಟರೂ ಧೂಳು ಬಿಡಲಿಲ್ಲ, ಯಾಕೆಂದರೆ ನಾವಿದ್ದ ಖೋಲಿಯ ಗೋಡೆಯಾಚೆ ನಾಲ್ಕು ಮಗ್ಗ ಹಗಲೆಲ್ಲ ಓಡುತ್ತಿದ್ದವು. ಬೆಳಿಗ್ಗೆ ಒರೆಸಿದ ಅಡುಗೆಕಟ್ಟೆಯ ಮೇಲೆ ಸಂಜೆಗೆ ಬೆರಳಿಟ್ಟರೆ ಬೂದು ನಾರು ಅಂಟುತ್ತಿತ್ತು. ಡಾಕ್ಟರರು ಒಂದೇ ಮಾತು ಹೇಳಿದ್ದರು.

“ಮೊದಲ ಆ ಓಣಿ ಬಿಡ್ರಿ. ಔಷಧ ಆಮ್ಯಾಲೆ.”

ಓಣಿ ಬಿಟ್ಟು ಎಲ್ಲಿಗೆ ಹೋಗುವುದು? ನಾನು ಬೆಳಗಾವಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಸಂಬಳ ಒಬ್ಬಳದೇ. ಮಕ್ಕಳಿಲ್ಲ. ಊರ ಹೊರಗಿನ ಬಡಾವಣೆಗಳ ಬಾಡಿಗೆ ಕೇಳಿದರೆ ಎದೆ ಹಾರುತ್ತಿತ್ತು. ಅಂಥ ಹೊತ್ತಿನಲ್ಲಿ ಅಕ್ಕೋರು ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನನ್ನು ಗುರುತು ಹಿಡಿದು, ಬೆಂಚಿನ ಮೇಲೆ ಪಕ್ಕಕ್ಕೆ ಕೂಡಿಸಿಕೊಂಡು ಎಲ್ಲ ಕೇಳಿದರು. ತಮ್ಮದೂ ಎಲ್ಲ ಹೇಳಿದರು.

“ನೀವಿಬ್ರು ಬಂದ್ ಇರ್ರಿ ತಂಗಿ. ಮನಿ ಕೀಲಿ ಹಾಕಿ ಹೋಗಾಕ ನನಗ ಧೈರ್ಯ ಸಾಲವಲ್ದು. ಅಲ್ಲಿ ಗಾಳಿ ಛಲೋ ಐತಿ, ನಿನ್ನ ಗಂಡನ ದಮ್ಮಿಗೂ ಆರಾಮ ಆಗ್ತದ.”

“ಬಾಡಿಗಿ ಎಷ್ಟರ ಹೇಳ್ರಿ ಅಕ್ಕೋರೇ.”

“ಏನ್ ಬಾಡಿಗಿ? ಕಸಾ ಹೊಡಿ, ಗಿಡಕ್ಕ ನೀರ ಹಾಕು, ದೇವರ ಮುಂದ ದೀಪ ಹಚ್ಚು. ಮನಿ ತೆರೆದಿರಬೇಕು, ಅಷ್ಟ ನನಗ.”

“ಲೈಟ್ ಬಿಲ್ಲರ ನಾವು ತುಂಬ್ತೀವ್ರಿ.”

ಅಕ್ಕೋರು ನಕ್ಕರು. “ಬಿಲ್ಲಽ ಬರೂದಿಲ್ಲ, ಏನ್ ತುಂಬ್ತಿ? ನಮ್ಮನಿಗೆ ಯಾವಾಗ್ಲೂ ಸೊನ್ನಿ ಬರ್ತದ.”

ನಿಜವೇ. ಸರ್ಕಾರದ ಪುಕ್ಕಟೆ ಕರೆಂಟು ಬಂದ ಮೇಲೆ ಕಡಿಮೆ ಸುಡುವ ಮನೆಗಳಿಗೆ ಬಿಲ್ಲೇ ಇರಲಿಲ್ಲ. ಹಿಂದಿನ ಸರಾಸರಿ ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು, ಇನ್ನೂರು ಯುನಿಟ್ ದಾಟಿದರೆ ಇಡೀ ತಿಂಗಳಿನದು. ಒಬ್ಬ ಹೆಂಗಸಿನ ಮನೆ, ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ಸಣ್ಣ ಫ್ರಿಜ್ಜು. ನಾನೂ ನಕ್ಕೆ. ಬಿಲ್ಲಿನ ವಿಷಯ ಅಲ್ಲಿಗೆ ಮುಗಿಯಿತು. ಬಸ್ಸಿನ ಹೊತ್ತಾಗಿತ್ತು.

ಮೊದಲ ಆರು ತಿಂಗಳು ನಮ್ಮ ಪಾಲಿಗೆ ಒಳ್ಳೆಯವು. ಮಳೆಗಾಲ ಕಳೆದ ಮೇಲಂತೂ ನನ್ನ ಗಂಡ ಬೆಳಿಗ್ಗೆ ಎದ್ದು ನದಿಯ ಕಡೆ ಅರ್ಧ ಹಾದಿಯವರೆಗೆ ನಡೆದು ಬರುತ್ತಿದ್ದರು. ವಡಗಾವಿಯಲ್ಲಿ ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುತ್ತಿದ್ದ ಮನುಷ್ಯ. ನಾನು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಬೆಳಗಾವಿಯ ಬಸ್ಸು ಹಿಡಿದರೆ ತಿರುಗಿ ಬರುವುದು ಸಂಜೆ ಆರೂವರೆಗೆ. ಅಷ್ಟರಲ್ಲಿ ಅವರು ಮನೆಯ ಒಂದಲ್ಲ ಒಂದು ಕೆಲಸ ಮಾಡಿ ಇಟ್ಟಿರುತ್ತಿದ್ದರು. ಸೋರುತ್ತಿದ್ದ ನಲ್ಲಿಗೆ ಹೊಸ ವಾಷರ್ ಹಾಕಿದರು. ಗೇಟಿನ ತುಕ್ಕು ಕೆರೆದು ಬಣ್ಣ ಬಳಿದರು. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿದರು. “ಯಾಕ ಇಷ್ಟ ಮಾಡ್ತೀರಿ, ಸುಮ್ಮ ಕುಂದರ್ರಿ” ಅಂದರೆ, “ಪುಕ್ಕಟೆ ಮನ್ಯಾಗ ಸುಮ್ಮ ಕುಂದ್ರಾಕ ಬರೂದಿಲ್ಲ” ಅನ್ನುತ್ತಿದ್ದರು. ಆ ಮಾತನ್ನು ಆಗ ನಾನು ತಮಾಷೆ ಅಂದುಕೊಂಡಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬರು ಮರಾಠಿ ಮಾತಾಡುವ ಮುದುಕಿ ಇದ್ದರು. ನಾವು ಅವರನ್ನು ಮಾವಶಿ ಅನ್ನುತ್ತಿದ್ದೆವು. ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವರು. ಮಧ್ಯಾಹ್ನ ಅವರು ಚಹಾ ತಂದು ಕಾಂಪೌಂಡ್ ಗೋಡೆಯ ಮೇಲಿಟ್ಟು ಕೂಗುವುದು, ನನ್ನ ಗಂಡ ಹೋಗಿ ತೆಗೆದುಕೊಳ್ಳುವುದು ದಿನದ ಪರಿಪಾಠವಾಗಿತ್ತು.

ಚಳಿ ಶುರುವಾದಾಗ ನನ್ನ ಗಂಡನಿಗೆ ಎದೆಯಲ್ಲಿ ಕಫ ಕಟ್ಟಿತು. ಎರಡು ದಿನ ಮನೆಮದ್ದು ಮಾಡಿದೆ. ಮೂರನೆಯ ದಿನ ತುಟಿ ನೀಲಿಯಾದವು. ಬೆಳಗಾವಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಬಿಡುಗಡೆ ಮಾಡುವಾಗ ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು.

“ಇನ್ನ ಇವರಿಗೆ ಬರೇ ಗಾಳಿ ಸಾಲೂದಿಲ್ರಿ. ಮನ್ಯಾಗ ಆಕ್ಸಿಜನ್ ಮಶಿನ್ ಬೇಕು. ಜಳಕ, ಊಟ ಬಿಟ್ರ ಇಡೀ ದಿನ ಹಚ್ಚಿರಬೇಕು. ನಡಬರಕ ಬಂದ್ ಮಾಡಿದ್ರ ಎದಿ ಮ್ಯಾಲೆ ಭಾರ ಬೀಳ್ತದ.”

ಮಶಿನ್ ತಿಂಗಳ ಬಾಡಿಗೆಗೆ ಸಿಕ್ಕಿತು. ಸೊಂಟದೆತ್ತರದ, ಕೆಳಗೆ ಗಾಲಿಗಳಿರುವ ಬಿಳಿ ಡಬ್ಬಿ. ಗೋಡೆಯ ಪ್ಲಗ್ಗಿಗೆ ಹಾಕಿದರೆ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ತೆಳ್ಳನೆಯ ನಳಿಕೆಯ ಮೂಲಕ ಮೂಗಿಗೆ ಕೊಡುತ್ತದೆ. ಒಂದೇ ಸಮನೆ ಗುಂಯ್ ಅನ್ನುತ್ತದೆ, ನಡುನಡುವೆ ಉಸಿರು ಬಿಟ್ಟಂತೆ ಸದ್ದು ಮಾಡುತ್ತದೆ. ಮೊದಲ ದಿನ ಅದರ ಪಕ್ಕ ಕೂತು ಸ್ವಲ್ಪ ಹೊತ್ತು ಕೇಳಿದ ಅವರು, “ಮಗ್ಗದ ಮುಂದ ಇದೇನೂ ಅಲ್ಲ, ನನಗ ಜೋಗುಳ ಇದ್ದಂಗ” ಅಂದರು.

ಮಶಿನ್ ಬಂದದ್ದನ್ನು ನಾನು ಅಕ್ಕೋರಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ವಾರಕ್ಕೊಮ್ಮೆ ಅವರೇ ಫೋನು ಮಾಡುತ್ತಿದ್ದರು. ಅಕ್ಕನನ್ನು ಎತ್ತಿ ಕೂಡಿಸುವುದು, ತೊಳೆಯುವುದು, ಉಣ್ಣಿಸುವುದು ಎಂದು ಅವರ ದನಿಯೇ ಸೋತಿರುತ್ತಿತ್ತು. “ಮನ್ಯಾಗ ಎಲ್ಲಾ ಆರಾಮಲ್ಲ?” ಅಂತ ಕೇಳಿದರೆ, “ಆರಾಮ್ರಿ ಅಕ್ಕೋರೇ” ಅಂದುಬಿಡುವುದು ಸುಲಭವಿತ್ತು. ಅದಕ್ಕಿಂತ ಕೆಳಗೆ ಇನ್ನೊಂದು ಕಾರಣವೂ ಇತ್ತು. ಮನೆ ಕಾಯಲು ಬಿಟ್ಟವರು ಒಳಗೆ ರೋಗಿಯನ್ನು ಮಲಗಿಸಿಕೊಂಡಿದ್ದಾರೆ ಎಂದು ಗೊತ್ತಾದರೆ, ನಾಳೆ ಇಲ್ಲೇ ಏನಾದರೂ ಆದರೆ ಎಂದು ಅವರು ಹೆದರಬಹುದು, ಬೇರೆ ಕಡೆ ನೋಡಿಕೊಳ್ಳಿ ಅನ್ನಬಹುದು. ಮತ್ತೆ ವಡಗಾವಿಯ ಖೋಲಿಗೆ ಹೋಗುವುದನ್ನು ನೆನೆಸಿಕೊಂಡರೆ ನನಗೇ ಉಸಿರು ಕಟ್ಟುತ್ತಿತ್ತು.

ನನ್ನ ಬದಲಿಗೆ ಬಿಲ್ಲೇ ಹೇಳಿತು. ಮೀಟರು ಮಶಿನಿನ ಜೊತೆ ಓಡಿ ಇನ್ನೂರು ದಾಟಿಬಿಟ್ಟಿತ್ತು. ಸೊನ್ನೆ ಇದ್ದಲ್ಲಿ ಎರಡು ಸಾವಿರದ ಹತ್ತಿರ ಬಂತು. ಮೀಟರ್ ನೋಡುವವನು ಗೇಟಿಗೆ ಸಿಕ್ಕಿಸಿ ಹೋದ ಚೀಟಿಯನ್ನು ನಾನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಸಂಬಳ ಬಂದ ಮೇಲೆ ಸದ್ದಿಲ್ಲದೆ ಕಟ್ಟಿದರಾಯಿತು ಎಂದು ಎಣಿಕೆ. ಆದರೆ ಆ ಮನೆಯ ಬಿಲ್ಲಿನ ಸಂದೇಶ ಅಕ್ಕೋರ ತಮ್ಮನ ಮೊಬೈಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅವರು ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲ, ಬೇಳೆಯ ಸಗಟು ಅಂಗಡಿ ಇಟ್ಟವರು. ಮೊದಲ ತಿಂಗಳು ಏನೋ ತಪ್ಪಾಗಿರಬೇಕೆಂದು ನಾನು ಕಟ್ಟುವ ಮೊದಲೇ ಸುಮ್ಮನೆ ಕಟ್ಟಿದ್ದರು. ಎರಡನೆಯ ತಿಂಗಳೂ ಅಷ್ಟೇ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಬಂದರು.

ಗೇಟು ತೆರೆದವಳು ನಾನೇ. “ಬರ್ರಿ ಅಣ್ಣಾರ, ಕುಂದರ್ರಿ” ಅಂದೆ. ಅವರು ಕೂಡಲಿಲ್ಲ.

“ಕರೆಂಟ್ ಯಾಕ ಇಷ್ಟ ಸುಡಾಕತ್ತೈತ್ರಿ? ಎಲ್ಲೆರ ವಾಯರ್ ಸುಟ್ಟೈತೇನ, ನೋಡಿ ಹೋಗೂಣು ಅಂತ ಬಂದೆ.”

ಅಷ್ಟರಲ್ಲಿ ಒಳಗಿನ ಸದ್ದು ಅವರಿಗೆ ಕೇಳಿಸಿತ್ತು. ಕೋಣೆಯ ಬಾಗಿಲಿಗೆ ಹೋಗಿ ನಿಂತರು. ನನ್ನ ಗಂಡ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಮೂಗಿಗೆ ನಳಿಕೆ. ಏಳಲು ಹೋದರು. ಬಂದವರು ಕೈಸನ್ನೆಯಿಂದಲೇ ಬೇಡ ಅಂದರು. ಆಮೇಲೆ ಅವರು ಪಡಸಾಲೆಗೆ ತಿರುಗಿ ಬಂದು ದನಿ ತಗ್ಗಿಸಿದರು.

“ತಪ್ಪ ತಿಳ್ಕೋಬ್ಯಾಡ್ರಿ. ಬಾಡಿಗಿ ಅಂತೂ ನಾವು ತೊಗೊಂಡಿಲ್ಲ. ಕರೆಂಟಿಂದರ ನೀವು ನೋಡ್ಕೋಬೇಕ್ರಿ.”

“ಅಕ್ಕೋರು ಏನೂ ಕೊಡೂದು ಬ್ಯಾಡ ಅಂದಿದ್ರು ಅಣ್ಣಾರ.”

“ಅವಾಗ ಬಿಲ್ಲ ಸೊನ್ನಿ ಬರ್ತಿತ್ತಲ್ರಿ.”

ನನಗೆ ಸಿಟ್ಟು ಬಂತು. ಈ ಮನೆಗೆ ಕಾವಲಿನವನನ್ನು ಇಟ್ಟಿದ್ದರೆ ಪಗಾರ ಕೊಡಬೇಕಾಗಿತ್ತಲ್ಲ, ನಲ್ಲಿ, ಗೇಟು, ಗಿಡ ಇವೆಲ್ಲ ಯಾರು ನೋಡಿದರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ನಿಂತು, “ಅರ್ಧಾ ನೀವು ಕೊಡ್ರಿ, ಅರ್ಧಾ ನಾ ಹಾಕ್ಕೋತೀನಿ. ಆರಾಮ ಮಾಡ್ರಿ ಅವರಿಗೆ” ಅಂದು ಹೋದರು. ಅರ್ಧ ಅನ್ನುವುದು ಅವರ ಮಟ್ಟಿಗೆ ದೊಡ್ಡ ಮನಸ್ಸೇ.

ಆ ಸಂಜೆ ನಡೆದದ್ದನ್ನು ಬರೆಯುವುದಕ್ಕೇ ಇಷ್ಟು ದೂರ ಬಂದಿದ್ದೇನೆ.

ನಾನು ಅಡುಗೆಕಟ್ಟೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಕೈಯ ಬಡಿತದ ಜೊತೆ ಬಾಯಿಗೆ ಬಂತು. ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳದೆ, ಮಂಚದ ಮೇಲಿದ್ದವರಿಗೆ ಕೇಳುವ ಹಾಗೆ ಹೇಳಿದೆ.

“ಊರ ಮಂದಿ ಮನಿ ಕಾಯಾಕ ಪಗಾರ ತೊಗೋತಾರ, ನಾವು ಕೈಲೆ ಕೊಟ್ಟು ಕಾಯಬೇಕಂತ. ಮಶಿನ್ ಬಾಡಿಗಿ ಬ್ಯಾರೆ, ಗುಳಿಗಿ ಬ್ಯಾರೆ, ಈಗ ಇದು ಬ್ಯಾರೆ. ನನ್ನ ಪಗಾರೆಲ್ಲಾ ಈ ಡಬ್ಬಿನ ತಿಂದ ಹಾಕ್ತದ.”

ಊಟಕ್ಕೆ ಕೂತಾಗ ಅವರು ರೊಟ್ಟಿಯ ಎರಡನೆಯ ಅರ್ಧ ಬೇಡ ಅಂದರು. ನನಗೆ ಆಗಲೇ ಕೆಡುಕೆನಿಸಿತು. “ನಾ ಅಣ್ಣಾರ ಮ್ಯಾಲಿನ ಸಿಟ್ಟೀಲೆ ಅಂದೆ, ನಿಮಗಲ್ಲ” ಅಂದೆ. “ಗೊತ್ತೈತಿ ತಗೋ” ಅಂದರು.

ಅದರ ಮರುದಿನದಿಂದ ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಆಗ ಕಂಡದ್ದು ಬೇರೆಯೇ. ಸಂಜೆ ನಾನು ಗೇಟು ತೆರೆಯುವ ಹೊತ್ತಿಗೆ ಮಶಿನ್ ಗುಂಯ್ ಅನ್ನುತ್ತಿರುತ್ತಿತ್ತು. ಅವರು ಮೂಗಿಗೆ ನಳಿಕೆ ಹಾಕಿಕೊಂಡು ಕೂತಿರುತ್ತಿದ್ದರು. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ನೋಡಿದರೆ ತೊಂಬತ್ತೆರಡು, ತೊಂಬತ್ಮೂರು ತೋರಿಸುತ್ತಿತ್ತು. ನನಗೆ ಸಮಾಧಾನವಾಗುತ್ತಿತ್ತು.

ಮುಂದಿನ ತಿಂಗಳ ಬಿಲ್ಲು ಇಳಿಯಿತು. ನಂಬಲಿಕ್ಕಾಗದೆ ಎರಡು ಸಲ ಓದಿದೆ. ಇನ್ನೂರರ ಒಳಗೇ ಬಂದಿತ್ತು, ಕಟ್ಟಬೇಕಾದದ್ದು ಮೊದಲಿನ ಅರ್ಧಕ್ಕಿಂತ ಕಡಿಮೆ. ಚೀಟಿ ಹಿಡಿದುಕೊಂಡು ಒಳಗೆ ಓಡಿದೆ.

“ನೋಡ್ರಿ, ಈ ಸಲ ಎಷ್ಟ ಕಡಿಮಿ ಬಂದೈತಿ.”

“ಛಳಿ ಹೋತಲ್ಲ,” ಅಂದರು. “ನೀರು ಕಾಸೂದು ಕಡಿಮಿ ಆತು.”

ಇರಬಹುದು ಅಂದುಕೊಂಡೆ. ಬಿಸಿನೀರಿನ ಹೀಟರನ್ನು ನಾವು ನಿಲ್ಲಿಸಿದ್ದು ನಿಜವಿತ್ತು. ಅಕ್ಕೋರ ತಮ್ಮನಿಗೆ ಫೋನು ಮಾಡಿ, ನಾನು ಏನೋ ಗೆದ್ದವಳ ಹಾಗೆ, “ಈ ತಿಂಗಳದ್ದು ಪೂರ್ತಿ ನಾನ ತುಂಬ್ತೀನ್ರಿ ಅಣ್ಣಾರ” ಅಂದೆ. ಆ ದಿನ ಬೆಳಗಾವಿಯಿಂದ ಬರುವಾಗ ಗಂಡನಿಗೆ ಇಷ್ಟವೆಂದು ಪಾವು ಕಿಲೋ ಕುಂದಾ ತಂದಿದ್ದೆ. ಎರಡು ಚಮಚ ತಿಂದು ಇಟ್ಟರು.

ಅವರ ಕಾಲು ಊದತೊಡಗಿದವು. ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ರಜೆ ಹಾಕಿ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ ಹುಬ್ಬು ಗಂಟಿಕ್ಕಿದರು.

“ಮಶಿನ್ ಇಡೀ ದಿನ ಹಚ್ತೀರಿ ಹೌದಲ್ಲೋ?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿದರು. “ಹಚ್ತೀನ್ರಿ ಸರ. ತಗದಽ ಇಲ್ಲ.”

ಡಾಕ್ಟರರು ನೀರು ಇಳಿಯುವ ಗುಳಿಗೆ ಬರೆದುಕೊಟ್ಟರು. ಒಂದು ವಾರ ಬಿಟ್ಟು ಬನ್ನಿ ಅಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತವರು ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಹೊರಗೆ ಜನರೆದುರು ಅವರು ಹಾಗೆ ಮಾಡಿದ್ದು ನನಗೆ ನೆನಪಿಲ್ಲ. ಬಸ್ಸು ದೇಸೂರು ದಾಟುವವರೆಗೂ ಬಿಡಲಿಲ್ಲ.

ಆ ಒಂದು ವಾರ ತುಂಬಲಿಲ್ಲ. ಐದನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಕಚೇರಿಯಲ್ಲಿ ಪರೀಕ್ಷೆಯ ಹಾಲ್ ಟಿಕೆಟುಗಳಿಗೆ ಮೊಹರು ಹಾಕುತ್ತಿದ್ದೆ. ಮಾವಶಿಯ ಫೋನು ಬಂತು.

“ಪೋರಿ, ಲೌಕರ್ ಬಾ, ಜಲ್ದಿ ಬಾ. ನಿನ್ನ ಯಜಮಾನ್ರು ಏಳವಲ್ರು.”

ಯಾರೋ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಒಂದು ತಾಸಿನ ದಾರಿ. ನಾನು ಗೇಟಿನೊಳಗೆ ಕಾಲಿಟ್ಟಾಗ ಹತ್ತು ಹದಿನೈದು ಜನ ಸೇರಿದ್ದರು. ನನ್ನ ಗಂಡ ಪಡಸಾಲೆಯ ಕುರ್ಚಿಯಲ್ಲಿ, ಹಿತ್ತಲಿನ ಬಾಗಿಲಿನ ಕಡೆ ಮುಖ ಮಾಡಿ ಕೂತಿದ್ದರು. ಕೂತ ಹಾಗೇ ಹೋಗಿದ್ದರು. ಚಹಾ ತೆಗೆದುಕೊಳ್ಳಲು ಬರಲಿಲ್ಲವೆಂದು ಮಾವಶಿ ಒಳಗೆ ಬಂದು ನೋಡಿದ್ದರಂತೆ. ಕೋಣೆಯಲ್ಲಿ ಮಶಿನ್ ಬಂದಾಗಿತ್ತು. ನಳಿಕೆಯನ್ನು ನಾಲ್ಕು ಸುತ್ತು ಸುತ್ತಿ ಕಿಟಕಿಯ ಸರಳಿಗೆ ನೇತುಹಾಕಿತ್ತು. ಮಾವಶಿ ಬಂದ್ ಮಾಡಿ ಎತ್ತಿಟ್ಟಿರಬೇಕು ಎಂದು ನಾನು ಆ ಗದ್ದಲದಲ್ಲಿ ಅಂದುಕೊಂಡೆ. ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಸುದ್ದಿ ತಿಳಿದು ಅಕ್ಕೋರ ತಮ್ಮ ಅಂಗಡಿಯ ಟೆಂಪೋ ತೆಗೆದುಕೊಂಡು ಬಂದರು. ಶವವನ್ನು ವಡಗಾವಿಗೆ, ನನ್ನ ಗಂಡನ ಅಣ್ಣನ ಮನೆಗೆ ಒಯ್ಯಬೇಕಿತ್ತು. ಬೆಲ್ಲದ ಪೆಂಟಿ ಹೇರುವ ಗಾಡಿಯಲ್ಲಿ ಚಾಪೆ ಹಾಸಿ, ತಾವೇ ಕಾಲ ಕಡೆ ಹಿಡಿದು ಎತ್ತಿದರು. ದಾರಿಯುದ್ದಕ್ಕೂ ಹಿಂದೆ ನಮ್ಮ ಜೊತೆಗೇ ಕೂತು ಬಂದರು. ನನ್ನ ಮುಖ ನೋಡಲಿಲ್ಲ. ವಡಗಾವಿಯ ಓಣಿಯಲ್ಲಿ ಆ ಹೊತ್ತು ಮಗ್ಗಗಳನ್ನು ನಿಲ್ಲಿಸಿದ್ದರು. ಅಷ್ಟು ವರ್ಷ ಅಲ್ಲಿದ್ದರೂ ಆ ಓಣಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಖಾನಾಪುರಕ್ಕೆ ಒಬ್ಬಳೇ ಬಂದೆ. ಮನೆಯ ಜವಾಬ್ದಾರಿ ಇನ್ನೂ ನನ್ನದೇ ಇತ್ತು. ಗಿಡಗಳು ಬಾಡಿದ್ದವು. ಮಶಿನನ್ನು ತಿರುಗಿ ಕೊಡಬೇಕಿತ್ತು, ಫೋನು ಮಾಡಿದೆ. ಅದನ್ನು ಬಾಡಿಗೆಗೆ ಕೊಟ್ಟವರು ಮರುದಿನ ಬೆಳಿಗ್ಗೆ ಬಂದರು, ಸುಮಾರು ನಲವತ್ತರ ಗೃಹಸ್ಥ. ಸಮಾಧಾನದ ಎರಡು ಮಾತಾಡಿ, ಮಶಿನನ್ನು ಹೊರಗೆ ಎಳೆದು, ಬಗ್ಗಿ ಅದರ ಹೊಟ್ಟೆಯ ಮೇಲಿದ್ದ ಸಣ್ಣ ಅಂಕಿಗಳನ್ನು ಓದಿ ಚೀಟಿಯಲ್ಲಿ ಬರೆದುಕೊಂಡರು. ತಂದಾಗ ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ ನೋಡಿದರು.

“ಅದೇನ್ರಿ?” ಅಂತ ಕೇಳಿದೆ.

“ಒಟ್ಟ ಎಷ್ಟ ತಾಸು ಓಡೈತಿ ಅಂತ ತೋರಸ್ತದ್ರಿ. ಸರ್ವೀಸ್ ಮಾಡಾಕ ಬೇಕಾಗ್ತದ.” ಇನ್ನೊಮ್ಮೆ ನೋಡಿ, ನನಗೆ ಸಮಾಧಾನವಾಗಲಿ ಎಂದೋ ಏನೋ ಹೇಳಿದರು. “ಬಾಳ ಛಲೋ ಇಟ್ಟೀರ್ರಿ ಮಶಿನ್. ಇಷ್ಟ ದಿನದಾಗ ಇದಕ್ಕಿಂತ ಬಾಳ ಹೆಚ್ಚ ಓಡಿರ್ತಾವ ಮಂದಿ ಮನ್ಯಾಗ.”

ನನಗೆ ಅರ್ಥವಾಗಲಿಲ್ಲ. ಅಂಕಿ ಹೇಳಿ ಅಂದೆ. ಹೇಳಿದರು. ಅಕ್ಕೋರು ಕಲಿಸಿದ ಲೆಕ್ಕ. ಕಳೆದು, ದಿನಗಳಿಂದ ಭಾಗಿಸಿದೆ. ಮೊದಲ ಎರಡು ತಿಂಗಳು ಸರಿಯಾಗಿ ಓಡಿದ್ದನ್ನು ನಾನೇ ನೋಡಿದ್ದೆ. ಅದನ್ನು ತೆಗೆದರೆ, ಉಳಿದ ದಿನಗಳಿಗೆ ದಿನಕ್ಕೆ ಹದಿಮೂರು ತಾಸಿನ ಮೇಲೆ ಬರುತ್ತಿರಲಿಲ್ಲ. ನಾನು ಮನೆಯಲ್ಲಿ ಇರುತ್ತಿದ್ದ ಹೊತ್ತು ಅಷ್ಟೇ.

ಅವರು ಮಶಿನ್ ಹೇರಿಕೊಂಡು ಹೋದ ಮೇಲೆ ಮಾವಶಿಯ ಹತ್ತಿರ ಹೋದೆ.

“ಮಾವಶಿ, ಆ ದಿನ ಮಶಿನ್ ಬಂದ್ ಮಾಡಿದ್ದು ನೀವೇನ್ರಿ?”

“ನಾ ಕಶಾಲಾ, ಯಾಕ ಮುಟ್ಟಲಿ? ನಾ ಮುಟ್ಟಿಲ್ಲ ಬಾಯಿ. ಅದು ಹಗಲ್ಹೊತ್ತ ಯಾವಾಗ್ಲೂ ಬಂದಽ ಇರ್ತಿತ್ತಲ್ಲ.”

“ಹಗಲ್ಹೊತ್ತ?”

“ನೀ ಹೋದ್ಕೂಡ್ಲೆ ಆವಾಜ ಬಂದ್. ಸಂಧ್ಯಾಕಾಳಿ, ನಿನ್ನ ಬಸ್ಸ ಬರೂ ಟೈಮಿಗೆ ಮತ್ತ ಚಾಲೂ. ನಾನು ಕೇಳಿದ್ನಲ್ಲ ಒಮ್ಮೆ. ಮಶಿನಿಗೆ ವಿಶ್ರಾಂತಿ ಬೇಕಾಗ್ತದ ಮಾವಶಿ, ಡಾಕ್ಟರ ಹೇಳ್ಯಾರ ಅಂದ್ರು. ನಾ ಖರೇ ಅಂತ ತಿಳದೆ.”

ಅವರ ಮನೆಯ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ದಿನವೂ ಹನ್ನೊಂದು ತಾಸು ಆ ಮನುಷ್ಯ ಬಾಯಿ ತೆರೆದು, ಭುಜ ಎತ್ತಿ, ಒಂದೊಂದೇ ಉಸಿರನ್ನು ಎಳೆದುಕೊಂಡು ಆ ಕುರ್ಚಿಯಲ್ಲಿ ಕೂತಿದ್ದರು. ನಾನು ಬೆಳಗಾವಿಯಲ್ಲಿ ಮೊಹರು ಹಾಕುತ್ತಿದ್ದೆ. ಕಡಿಮೆಯಾದ ಬಿಲ್ಲನ್ನು ಅವರ ಮುಖದೆದುರು ಹಿಡಿದು ಸಂತೋಷಪಟ್ಟಿದ್ದೆ.

ಅಕ್ಕೋರು ಬಂದದ್ದು ಆ ತಿಂಗಳ ಕೊನೆಗೆ. ಅಕ್ಕನನ್ನು ನಾಲ್ಕು ದಿನದ ಮಟ್ಟಿಗೆ ಯಾರಿಗೋ ಒಪ್ಪಿಸಿ ಬಂದಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಚಹಾ ಮಾಡಿ ತಂದಿಟ್ಟೆ. ಇಬ್ಬರೂ ನೆಲದ ಮೇಲೆ ಕೂತೆವು.

“ನನ್ನ ತಮ್ಮ ಈಗ ಹೇಳಿದ, ಮಶಿನ್ ಇತ್ತಂತ. ನನಗ ಒಂದ್ ಮಾತ ಯಾಕ ಹೇಳ್ಲಿಲ್ಲ ನೀ?”

“ನಿಮಗ ಅಲ್ಲೇ ಸಾಕಾಗಿತ್ರಿ ಅಕ್ಕೋರೇ. ಮತ್ತ... ಮನಿ ಬಿಡು ಅಂತೀರೇನೋ ಅಂತ ಅಂಜಿಕಿ.”

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

“ಬಿಲ್ಲ ಕೇಳು ಅಂತ ಅವಂಗ ಹೇಳಿದಾಕಿ ನಾನಽ. ಬಿಲ್ಲ ಹಿಂಗ ಬಂದೈತಿ ಅಂತ ಫೋನ್ ಮಾಡಿದ್ದ. ನೀವು ಇಡೀ ದಿನ ಹೀಟರ್ ಹಚ್ಚೀರಿ ಅಂತ ತಿಳದೆ. ಪುಕ್ಕಟೆ ಕೊಟ್ರ ಮಂದಿ ಹಿಂಗ ಮಾಡ್ತಾರ ನೋಡು ಅಂದೆ. ಹೋಗಿ ಕೇಳು ಅಂದೆ. ಹೋಗಿ ನೋಡಿ ಬಂದಾಂವ ನನಗೇನೂ ಹೇಳ್ಲಿಲ್ಲ. ಅಕ್ಕನ ಚಾಕರಿ ಮಾಡಾಕ್ಹತ್ಯಾಳ, ಮತ್ತೊಬ್ರ ರೋಗದ ಸುದ್ದಿ ಯಾಕ ಅಂದ್ಕೊಂಡ್ನಂತ.”

ನಾನು ಅವರಿಗೆ ತಾಸುಗಳ ಲೆಕ್ಕ ಹೇಳಬಾರದಿತ್ತು. ಹೇಳಿದೆ. ಹಗಲು ಮಶಿನ್ ಬಂದ್ ಇರುತ್ತಿದ್ದದ್ದನ್ನೂ, ರೊಟ್ಟಿ ಬಡಿಯುತ್ತ ನಾನು ಆಡಿದ ಮಾತನ್ನೂ ಹೇಳಿದೆ. ಒಬ್ಬಳೇ ಹೊರಲಾರದೆ ಹೇಳಿದೆನೋ, ಅವರಿಗೂ ತಾಗಲಿ ಎಂದು ಹೇಳಿದೆನೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಮರುದಿನ ನಾನು ಸಾಮಾನು ಕಟ್ಟಿದೆ. “ನೀ ಇಲ್ಲೇ ಇರು, ನಾ ಇನ್ನೂ ಆರು ತಿಂಗಳು ಬರೂದಿಲ್ಲ” ಅಂದರು. ಆಗುವುದಿಲ್ಲ ಅಂದೆ. ಯಾಕೆ ಎಂದು ಕೇಳಲಿಲ್ಲ. ಹೊರಡುವಾಗ ಅಕ್ಕೋರು, ನಾನು ಬಿಲ್ಲಿಗೆಂದು ಕೊಟ್ಟ ಹಣವನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ ಕೈಗೆ ಕೊಟ್ಟರು. ಬೇಡ ಅನ್ನಬಹುದಿತ್ತು. ಬೇಡ ಅಂದರೆ ಅವರು ಅದನ್ನು ಎಲ್ಲಿ ಇಡುತ್ತಾರೆ, ಹೇಗೆ ಖರ್ಚು ಮಾಡುತ್ತಾರೆ ಎನಿಸಿ ತೆಗೆದುಕೊಂಡೆ. ಕೀಲಿಕೈಯನ್ನು ಅವರ ಕೈಗಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಈಗ ನಾನು ಮತ್ತೆ ವಡಗಾವಿಯಲ್ಲಿದ್ದೇನೆ, ಹಳೆಯ ಖೋಲಿಯಿಂದ ಎರಡು ಓಣಿ ಆಚೆ. ಖಾನಾಪುರದ ಮನೆಯನ್ನು ಅಕ್ಕೋರ ತಮ್ಮ ಒಬ್ಬ ಬ್ಯಾಂಕ್ ನೌಕರರ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. ಕರಾರುಪತ್ರದಲ್ಲಿ ಲೈಟು, ನೀರು ಎರಡೂ ಬಾಡಿಗೆದಾರರದೇ ಎಂದು ಬರೆಸಿದ್ದಾರಂತೆ. ಅಕ್ಕೋರು ಈಗಲೂ ಪುಣೆಯಿಂದ ಫೋನು ಮಾಡುತ್ತಾರೆ, ಮೊದಲಿನಷ್ಟಲ್ಲ. ಊಟ ಆಯ್ತೇನು, ಕೆಲಸ ಹೇಗಿದೆ ಎಂದು ಕೇಳುತ್ತಾರೆ. ನಾನು ಅವರ ಅಕ್ಕನ ಆರೋಗ್ಯ ಕೇಳುತ್ತೇನೆ. ಅಷ್ಟಾದ ಮೇಲೆ ಫೋನು ಇಡುತ್ತೇವೆ.

ಹೋದ ವಾರ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಹುಡುಗಿ ಒಂದು ವಿಷಯ ಕೇಳಿದಳು. ಅವಳ ಗಂಡನ ಸ್ನೇಹಿತರು ಆರು ತಿಂಗಳು ಪರಸ್ಥಳಕ್ಕೆ ಹೋಗುತ್ತಾರಂತೆ, ಟಿಳಕವಾಡಿಯಲ್ಲಿರುವ ಮನೆಯನ್ನು ನೋಡಿಕೊಳ್ಳಲು ಇವರಿಗೆ ಹೇಳಿದ್ದಾರೆ.

“ಕರೆಂಟ್ ಬಿಲ್ಲ, ನೀರಿನ ಬಿಲ್ಲ ನಾವು ಕೊಡಬೇಕಾಗ್ತದೇನ್ರಿ ಮೇಡಮ್? ಮನಿ ಕಾಯಾಕ ಹೊಂಟೀವಿ ನಾವು. ಹೆಂಗ ಇದು?”

“ನೀವು ಸುಟ್ಟದ್ದನ್ನ ನೀವು ಕೊಡೂದು ಛಲೋ” ಅಂದೆ. “ಆದ್ರ ಕೀಲಿ ತೊಗೊಳ್ಳೂಕಿಂತ ಮೊದಲ ಕುಂತು ಮಾತಾಡ್ರಿ. ಎಷ್ಟ, ಯಾವುದಕ್ಕ, ಎಲ್ಲಾ. ಮನ್ಯಾಗ ಯಾರಿಗೆರ ಆರಾಮ ಇರಲಿಲ್ಲಂದ್ರ ಅದನ್ನೂ ಹೇಳ್ರಿ. ನಡಬರಕ ಏನರ ಹೆಚ್ಚು ಕಡಿಮಿ ಆದ್ರ ಅವತ್ತ ಫೋನ್ ಮಾಡಿ ಹೇಳ್ರಿ. ನಾಳೆ ಹೇಳೂಣಂತ ಬಿಡಬ್ಯಾಡ್ರಿ.”

ಅವಳು ನಕ್ಕಳು. “ಬರೇ ಒಂದ್ ಲೈಟ್ ಬಿಲ್ಲಿನ ಸಲುವಾಗಿ ಇಷ್ಟೆಲ್ಲಾ ಮಾತಾಡಬೇಕೇನ್ರಿ?”

ನಾನು ಹೌದು ಅಂದೆ. ಊಟದ ಹೊತ್ತಾಗಿತ್ತು. ಅವಳು ಡಬ್ಬಿ ತೆಗೆದುಕೊಂಡು ಹೋದಳು, ನಾನು ಬಾಕಿ ಉಳಿದ ಅರ್ಜಿಗಳನ್ನು ಎಳೆದುಕೊಂಡೆ.